ಲಾಂಛನದಲ್ಲಿ ಲ್ಯಾಪ್‌ಟಾಪ್ ಹಾಕಬಹುದಾ?

ನನ್ನ ಹೊಟ್ಟೆಪಾಡು ಲೋಗೋ, ಬೋರ್ಡು ಬರೆಯುವುದು. ಹುಚ್ಚು ಮಾತ್ರ ಯುರೋಪಿನ ವಂಶಲಾಂಛನಗಳದ್ದು, ಅಂದರೆ ಗುರಾಣಿಯ ಮೇಲೆ ಬರೆಯುವ ಮನೆತನದ ಗುರುತುಗಳದ್ದು. ಇದು ಗೊತ್ತಾದವರೆಲ್ಲ ಕೇಳುವುದು ಒಂದೇ: "ನನ್ನ ಕೆಲಸ ಏನು ಅಂತ ತೋರಿಸೋ ಲಾಂಛನ ಮಾಡಿಕೊಡ್ತೀರಾ?" ವಕೀಲರಿಗೆ ತಕ್ಕಡಿ ಬೇಕು, ಡಾಕ್ಟರಿಗೆ ಸ್ಟೆತಾಸ್ಕೋಪು, ಸಾಫ್ಟ್‌ವೇರಿನವರಿಗೆ ಲ್ಯಾಪ್‌ಟಾಪು.

ಮಾಡಿಕೊಡ್ತೀನಿ. ಲ್ಯಾಪ್‌ಟಾಪ್ ಮಾತ್ರ ಹಾಕಲ್ಲ.

ಭೌತವಿಜ್ಞಾನಿ ರುದರ್‌ಫೋರ್ಡ್ 1931ರಲ್ಲಿ ಲಾರ್ಡ್ ಆದಾಗ ತನ್ನ ಗುರಾಣಿಯ ಮೇಲೆ ಪ್ರಯೋಗಶಾಲೆಯ ಸಾಮಾನು ಇಟ್ಟುಕೊಳ್ಳಲಿಲ್ಲ. ಅದರಲ್ಲಿ ಮುಖ್ಯವಾದದ್ದು ಒಂದನ್ನೊಂದು ದಾಟುವ ಎರಡು ಬಾಗಿದ ಗೆರೆ. ವಿಕಿರಣ ವಸ್ತು ಕ್ಷಯಿಸುವ ರೇಖೆ ಒಂದು, ಬೆಳೆಯುವ ರೇಖೆ ಇನ್ನೊಂದು. ಗೊತ್ತಿಲ್ಲದವರಿಗೆ ಅದು ಅಲಂಕಾರ, ಗೊತ್ತಿದ್ದವರಿಗೆ ಆತನ ಜೀವಮಾನದ ಕೆಲಸ. ಅವನ ಜೊತೆ ಮ್ಯಾಂಚೆಸ್ಟರಿನಲ್ಲಿ ದುಡಿದಿದ್ದ ನೀಲ್ಸ್ ಬೋರ್‌ಗೆ 1947ರಲ್ಲಿ ಡೆನ್ಮಾರ್ಕ್ 'ಆನೆ' ಎಂಬ ತನ್ನ ಅತ್ಯುನ್ನತ ಪದವಿ ಕೊಟ್ಟಿತು. ಪದವಿಯ ಜೊತೆ ಲಾಂಛನವೂ ಬೇಕಿತ್ತು. ಬೋರ್ ಆರಿಸಿದ್ದು ಪರಮಾಣುವನ್ನಲ್ಲ, ಚೀನಾದ ಯಿನ್-ಯಾಂಗ್ ಚಕ್ರವನ್ನು. ವಿರುದ್ಧವಾದವು ಪರಸ್ಪರ ಪೂರಕ ಎಂಬ ಲ್ಯಾಟಿನ್ ಮಾತು ಅದರ ಜೊತೆಗಿದೆ. ನನ್ನ ವಾದಕ್ಕೆ ಅಡ್ಡ ಬರುವವನು ಇಂಗ್ಲಿಷ್ ಗಾಯಕ ಎಲ್ಟನ್ ಜಾನ್: ನೇರವಾಗಿ ಪಿಯಾನೋ ಮಣೆ, ಗ್ರಾಮಫೋನ್ ತಟ್ಟೆಗಳನ್ನೇ ಹಾಕಿಸಿದ. ಆದರೂ ಚೆನ್ನಾಗಿದೆ, ಒಪ್ಪಿಕೊಳ್ಳಬೇಕು. ಪಟ್ಟಿ ಮತ್ತು ಬಿಲ್ಲೆ ದೂರದಿಂದಲೂ ಕಾಣುತ್ತವೆ.

ದೂರದಿಂದ ಕಾಣುವುದೇ ಇಲ್ಲಿ ಮುಖ್ಯ. ಲಾಂಛನದ ಲೆಕ್ಕದಲ್ಲಿ ಚಿನ್ನ (ಹಳದಿ), ಬೆಳ್ಳಿ (ಬಿಳಿ) ಲೋಹಗಳು. ಕೆಂಪು, ನೀಲಿ, ಕಪ್ಪು, ಹಸಿರು ಬಣ್ಣಗಳು. ಲೋಹದ ಮೇಲೆ ಲೋಹ ಕೂಡದು, ಬಣ್ಣದ ಮೇಲೆ ಬಣ್ಣ ಕೂಡದು. ಹಳದಿ ಹಲಗೆಯ ಮೇಲೆ ಬಿಳಿ ಅಕ್ಷರ ಬರೆದರೆ ಬಸ್ಸಿನಲ್ಲಿ ಹೋಗುವವರಿಗೆ ಕಾಣಲ್ಲ ಅಂತ ಬೋರ್ಡು ಬರೆಯುವ ಯಾವ ಹುಡುಗನಾದರೂ ಹೇಳುತ್ತಾನೆ.

ಇಂಗ್ಲೆಂಡಿನಲ್ಲಿ ಲಾಂಛನ ಕೊಡುವುದಕ್ಕೆಂದೇ 1484ರಿಂದ ಒಂದು ಸಂಸ್ಥೆ ಇದೆ. ನಮ್ಮಲ್ಲಿ ಅಂಥದ್ದಿಲ್ಲ, ಬೇಕಾದ್ದು ಬರೆದುಕೊಳ್ಳಿ. ಅಶೋಕನ ಸಿಂಹಗಳನ್ನು ಮುಟ್ಟಬೇಡಿ, ಅದಕ್ಕೆ 2005ರ ಕಾಯ್ದೆ ಇದೆ. ಗಂಡಭೇರುಂಡವೂ ಬೇಡ. ಅದು ಮೈಸೂರು ಅರಸರದಾಗಿತ್ತು, ಈಗ ರಾಜ್ಯ ಸರ್ಕಾರದ್ದು.

ನನ್ನ ಭಾವಮೈದ ಸರ್ವೇಯರ್. ಅವನು ತಂದ ಪಟ್ಟಿಯಲ್ಲಿ ಟ್ರೈಪಾಡು, ಹೆಲ್ಮೆಟ್ಟು, ಮ್ಯಾಪಿನ ಕೆಂಪು ಗುರುತು ಎಲ್ಲ ಇದ್ದವು. "ದಿನವಿಡೀ ಏನು ಮಾಡ್ತೀಯ, ಅದನ್ನ ಹೇಳು" ಅಂದೆ.

"ಬಾಂದು ಕಲ್ಲು ಹುಡುಕ್ತೀನಿ, ಭಾವ. ಅರ್ಧ ದಿನ ಪೊದೆಯೊಳಗೇ."

ಸಿಕ್ಕಿತು. ಲಾಂಛನದಲ್ಲಿ ಚಿತ್ರಕ್ಕಿಂತ ಮೊದಲು ಅದನ್ನು ವರ್ಣಿಸುವ ವಾಕ್ಯ ಬರಬೇಕು. ವಾಕ್ಯವೇ ಅಧಿಕೃತ, ಅದನ್ನು ಮೀರದಂತೆ ಚಿತ್ರವನ್ನು ಯಾರು ಹೇಗೆ ಬೇಕಾದರೂ ಬರೆಯಬಹುದು. ಅವನದ್ದು ಹೀಗಾಯಿತು: "ಹಸಿರು ನೆಲ, ಅದರ ಮೇಲೆ ಬೆಳ್ಳಿಯ ಮೂರು ಬಾಂದು ಕಲ್ಲು, ಮೇಲಂಚಿನಲ್ಲಿ ಚಿನ್ನದ ಸರಪಳಿ." ಸರಪಳಿಗೆ ಹದಿನಾರು ಕೊಂಡಿ ಹಾಕಿದೆ. ಹಳೆಯ ಅಳತೆ ಸರಪಳಿ 33 ಅಡಿ, ಅದಕ್ಕೆ 'ಆಣೆ' ಎಂಬ ಹದಿನಾರು ಭಾಗ. ಅದರ ಉದ್ದಗಲಕ್ಕೆ ಒಂದು ಗುಂಟೆ. ಭಾವಮೈದ ಕೊಂಡಿ ಎಣಿಸಿ ನಕ್ಕ.

ಅಷ್ಟರಲ್ಲಿ ಕಾಫಿ ತಂದ ನನ್ನ ಹೆಂಡತಿ ಬಗ್ಗಿ ನೋಡಿದಳು. "ಯಾರದ್ರೀ ಇದು, ಹಲ್ಲಿನ ಡಾಕ್ಟರ್‌ದಾ?"

ವಾಕ್ಯದಲ್ಲಿ ಒಂದಕ್ಷರ ಬದಲಾಯಿಸಲಿಲ್ಲ. ಕಲ್ಲಿನ ತಲೆ ಚಪ್ಪಟೆ ಮಾಡಿದೆ.