ಸಿಜಡ್‌ಟಿ ಹರಳಿನೊಳಗಿನ ಟೆಲ್ಲೂರಿಯಂ ಹನಿ

ಗಾಮಾ ಕಿರಣ ಅಳೆಯುವ ಜರ್ಮೇನಿಯಂ ಡಿಟೆಕ್ಟರನ್ನು ದ್ರವ ಸಾರಜನಕದಿಂದಲೋ ಶೈತ್ಯಯಂತ್ರದಿಂದಲೋ ತೀರಾ ತಂಪಾಗಿಡಲೇಬೇಕು. ಅದರ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನನ್ನು ಬಿಡಿಸಿ ಹರಿಯುವಂತೆ ಮಾಡಲು ಬೇಕಾದ ಶಕ್ತಿ, 0.67 ಎಲೆಕ್ಟ್ರಾನ್ ವೋಲ್ಟ್ ಅಷ್ಟೇ. ಕೋಣೆಯ ಬಿಸಿಗೇ ವಿದ್ಯುತ್ ಸೋರತೊಡಗುತ್ತದೆ. ಕ್ಯಾಡ್ಮಿಯಂ ಜಿಂಕ್ ಟೆಲ್ಲುರೈಡ್‌ನಲ್ಲಿ (ಸಿಜಡ್‌ಟಿ) ಈ ಗ್ಯಾಪ್ ಸುಮಾರು 1.57, ಹಾಗಾಗಿ ಅದು ಕೋಣೆಯ ಬಿಸಿಯಲ್ಲೇ ಕೆಲಸ ಮಾಡುತ್ತದೆ. 2015ರಲ್ಲಿ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್‌ನಲ್ಲಿ 5 ಮಿ.ಮೀ. ದಪ್ಪದ ಇಂಥ 64 ಡಿಟೆಕ್ಟರ್‌ಗಳಿವೆ. ಆದರೆ ಈ ಹರಳು ಸುಲಭಕ್ಕೆ ಬೆಳೆಯುವಂಥದ್ದಲ್ಲ.

ಹತ್ತು ಕ್ಯಾಡ್ಮಿಯಂ ಪರಮಾಣುಗಳಲ್ಲಿ ಒಂದರ ಜಾಗದಲ್ಲಿ ಜಿಂಕ್ ಇರುವ 1 ಕಿಲೋ ಹರಳಿಗೆ ಕ್ಯಾಡ್ಮಿಯಂ 429.9 ಗ್ರಾಂ, ಜಿಂಕ್ 27.8 ಗ್ರಾಂ, ಟೆಲ್ಲೂರಿಯಂ 542.3 ಗ್ರಾಂ ತೂಗಬೇಕು. ಶುದ್ಧತೆ ಕನಿಷ್ಠ 99.9999%. ಇವನ್ನು ತುಂಬುವ ಕ್ವಾರ್ಟ್ಜ್ ಆಂಪ್ಯೂಲಿನ (ಬಾಯಿ ಬೆಸೆದು ಮುಚ್ಚುವ ಕೊಳವೆ) ಒಳಮೈಗೆ ಇಂಗಾಲದ ಲೇಪ ಕಡ್ಡಾಯ. ಇಲ್ಲದಿದ್ದರೆ ಕ್ಯಾಡ್ಮಿಯಂ ಮೇಲಿನ ಆಕ್ಸೈಡ್ ಕ್ವಾರ್ಟ್ಜನ್ನು ಕಚ್ಚಿ ಹಿಡಿಯುತ್ತದೆ. ತಣಿಯುವಾಗ ಹರಳೂ ಆಂಪ್ಯೂಲೂ ಒಟ್ಟಿಗೇ ಬಿರಿಯುತ್ತವೆ. ನಿರ್ವಾತ ಮಾಡಿ ಬೆಸೆದ ಮೇಲೆ ನಿಧಾನವಾಗಿ ಕಾಯಿಸಬೇಕು. ಕ್ಯಾಡ್ಮಿಯಂ ಕುದಿಯುವುದು 767 ಡಿಗ್ರಿಗೆ, ಹರಳು ಕರಗುವುದು 1100 ಡಿಗ್ರಿಯ ಆಸುಪಾಸಿನಲ್ಲಿ. ಜೊತೆಗೆ ಕ್ಯಾಡ್ಮಿಯಂ-ಟೆಲ್ಲೂರಿಯಂ ಕೂಡುವಾಗ ತಾನಾಗಿಯೇ ಶಾಖ ಹೊಮ್ಮುತ್ತದೆ. ಅವಸರ ಮಾಡಿದರೆ ಆಂಪ್ಯೂಲ್ ಸಿಡಿದು ಕೋಣೆ ತುಂಬ ವಿಷದ ಹೊಗೆ.

ಬ್ರಿಜ್‌ಮನ್ ವಿಧಾನದಲ್ಲಿ ಆಂಪ್ಯೂಲನ್ನು ಬಿಸಿ ವಲಯದಿಂದ ತಂಪು ವಲಯಕ್ಕೆ ಗಂಟೆಗೆ ಸುಮಾರು 1 ಮಿ.ಮೀ.ನಂತೆ ಇಳಿಸುತ್ತಾರೆ. ಜಿಂಕ್ ಮೊದಲು ಗಟ್ಟಿಯಾದ ತುದಿಯಲ್ಲೇ ಹೆಚ್ಚು ಸೇರಿಕೊಳ್ಳುವುದರಿಂದ ಎರಡು ತುದಿಗಳ ಹರಳು ಒಂದೇ ಗುಣದ್ದಾಗಿರುವುದಿಲ್ಲ.

ನಿಜವಾದ ತಲೆನೋವು ಟೆಲ್ಲೂರಿಯಂ. ವಿದ್ಯುತ್ ಸೋರದಂತೆ ರೋಧಕತೆ ಸಾವಿರ ಕೋಟಿ ಓಮ್-ಸೆಂಟಿಮೀಟರ್ ಮುಟ್ಟಬೇಕಾದರೆ ಅದು ತುಸು ಹೆಚ್ಚಿರಬೇಕು, ಜೊತೆಗೆ ದಶಲಕ್ಷಕ್ಕೆ ಕೆಲವೇ ಭಾಗ ಇಂಡಿಯಂ ಬೆರೆಸಬೇಕು. ಆ ಹೆಚ್ಚುವರಿ ಟೆಲ್ಲೂರಿಯಂ ಗಟ್ಟಿಯಾಗುವ ಅಂಚಿನ ಮುಂದೆ ಶೇಖರವಾಗುತ್ತದೆ. ಅಂಚು ಅಲುಗಾಡಿದರೆ ಹನಿಹನಿಯಾಗಿ ಹರಳೊಳಗೇ ಸಿಕ್ಕಿಬೀಳುತ್ತದೆ. ಕೆಲವು ಮೈಕ್ರಾನಿನಿಂದ ಹತ್ತಾರು ಮೈಕ್ರಾನಿನವರೆಗಿನ ಈ ಹನಿಗಳು ಎಲೆಕ್ಟ್ರಾನುಗಳನ್ನು ದಾರಿಯಲ್ಲೇ ನುಂಗುತ್ತವೆ. ಡಿಟೆಕ್ಟರ್ ಬರೆಯುವ ಶಕ್ತಿಯ ನಕ್ಷೆಯಲ್ಲಿ, ಸೀಸಿಯಂನ ಗಾಮಾ ಕಿರಣ ಮೂಡಿಸುವ 662 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಶಿಖರದ ಎಡಕ್ಕೆ, ಅಂದರೆ ಕಡಿಮೆ ಶಕ್ತಿಯ ಕಡೆಗೆ, ಬಾಲ ಬೆಳೆಯುತ್ತದೆ. ಬರಿಗಣ್ಣಿಗೆ ಹರಳು ಅಪ್ಪಟ ಕಪ್ಪು, ಏನೂ ತಿಳಿಯದು. ಅವಕೆಂಪು ಸೂಕ್ಷ್ಮದರ್ಶಕದಲ್ಲಿ ಹರಳು ಗಾಜಿನಂತೆ ಪಾರದರ್ಶಕ, ಹನಿಗಳು ಕರಿಯ ತ್ರಿಕೋನಗಳು. ಬಿಲ್ಲೆ ಕೊಯ್ದ ಕೂಡಲೇ ಮಾಡಬೇಕಾದ ಪರೀಕ್ಷೆ ಇದೇ.

ಹನಿ ಕಂಡರೆ ಬಿಲ್ಲೆಯನ್ನು ಕ್ಯಾಡ್ಮಿಯಂ ಆವಿಯಲ್ಲಿ ಕಾಯಿಸಬಹುದು, ಹನಿಗಳು ಕರಗುತ್ತವೆ. ಆದರೆ ಹರಳಿನಲ್ಲಿ ಕ್ಯಾಡ್ಮಿಯಂ ಪರಮಾಣು ಇಲ್ಲದ ಖಾಲಿ ಸ್ಥಾನಗಳೂ ತುಂಬಿಬಿಡುತ್ತವೆ; ಇಂಡಿಯಂ ಕೊಡುವ ಎಲೆಕ್ಟ್ರಾನುಗಳನ್ನು ಹಿಡಿದಿಡುತ್ತಿದ್ದ ಆ ಎದುರಾಳಿಯಿಲ್ಲದೆ ರೋಧಕತೆ ಕುಸಿಯುತ್ತದೆ. ಹಾಗಾಗಿ ಮತ್ತೆ ಟೆಲ್ಲೂರಿಯಂ ಆವಿಯಲ್ಲಿ ಕಾಯಿಸಿ ಅದನ್ನು ಮೇಲೆತ್ತಬೇಕು. ಮೊದಲನೆಯದಕ್ಕೇ ನಿಲ್ಲಿಸಿದರೆ ಉಳಿಯುವುದು ನೋಡಲು ನಿರ್ಮಲವಾದ, ಡಿಟೆಕ್ಟರ್‌ಗೆ ಬಾರದ ಬಿಲ್ಲೆ.