ಬಳೆ ಮತ್ತು ಬಲೆ ಒಂದೇ ದಿನ ಬೇಡ

ಸಿರುಗುಪ್ಪ ತಾಲೂಕಿನ ಗಡಿ ಊರೊಂದರಲ್ಲಿ ನಾನು ನಲಿ-ಕಲಿ ಟೀಚರ್. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಕೆಲವರ ಮನೆಮಾತು ಕನ್ನಡ, ಕೆಲವರದು ತೆಲುಗು, ಇನ್ನು ಕೆಲವರದು ಉರ್ದು.

ಮೊದಲೆಲ್ಲ ಒಂದೇ ಥರ ಕೇಳಿಸುವ ಪದಗಳನ್ನು ಜೋಡಿ ಮಾಡಿ ಬೋರ್ಡ್ ಮೇಲೆ ಬರೆಯುತ್ತಿದ್ದೆ. ಬಳೆ-ಬಲೆ, ಕಾಳು-ಕಾಲು, ಹಳ್ಳಿ-ಹಲ್ಲಿ. ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಬೇಗ ತಿಳಿಯುತ್ತೆ ಅಂತ ನಂಬಿದ್ದೆ. ಆದರೆ ಅಲ್ಲಿವರೆಗೆ ‘ಬಳೆ’ ಸರಿಯಾಗಿ ಬರೆಯುತ್ತಿದ್ದ ಹುಡುಗಿಯೇ ಮರುದಿನ ‘ಅಕ್ಕ ಬಲೆ ಹಾಕಿಕೊಂಡಳು’ ಅಂತ ಬರೆದಳು. ಒಟ್ಟಿಗೆ ಕಲಿತ ಪದಗಳು ಒಟ್ಟಿಗೇ ನೆನಪಿಗೆ ಬರುತ್ತವೆ. ಯಾವುದು ಯಾವುದು ಅಂತ ಗೊತ್ತಾಗದೆ ಮಗು ತಡವರಿಸುತ್ತೆ.

ಈಗ ಒಂದನ್ನು ಮೊದಲು ಗಟ್ಟಿ ಮಾಡಿಸುತ್ತೇನೆ. ಬಳೆ ಮುಟ್ಟಬೇಕು, ಎಣಿಸಬೇಕು, ಬರೆಯಬೇಕು. ಎರಡು ವಾರ ಬಿಟ್ಟು ಬಲೆ. ತುಂಗಭದ್ರೆ ಹತ್ತಿರವೇ ಇದೆ, ಮೀನಿನ ಬಲೆ ನೋಡದ ಮಕ್ಕಳು ನಮ್ಮಲ್ಲಿಲ್ಲ.

ಉರ್ದು ಮನೆಮಾತಿನ ಮಕ್ಕಳ ಕಷ್ಟ ನನಗೆ ತಡವಾಗಿ ಅರ್ಥವಾಯಿತು. ಅವರ ಮಾತಿನಲ್ಲಿ ಳ ಸದ್ದೇ ಇಲ್ಲ. ಕಿವಿಗೆ ಬೀಳದ ಅಕ್ಷರವನ್ನು ಸುಮ್ನೆ ಹತ್ತು ಸಲ ಬರೆಸಿದರೆ ಏನು ಬಂತು? ಅದಕ್ಕೇ ಒಂದು ಚಿಕ್ಕ ಕನ್ನಡಿ ತಂದೆ. ಲ ಅನ್ನುವಾಗ ನಾಲಿಗೆ ತುದಿ ಮೇಲಿನ ಹಲ್ಲಿನ ಹಿಂದೆ ತಾಗುತ್ತೆ. ಳ ಅನ್ನುವಾಗ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗುತ್ತೆ. ಮಕ್ಕಳು ಕನ್ನಡಿಯಲ್ಲಿ ತಮ್ಮ ನಾಲಿಗೆ ತಾವೇ ನೋಡಿಕೊಳ್ಳುತ್ತಾರೆ. ಆಮೇಲೆ ನಾನು ಬಾಯಿಗೆ ಪುಸ್ತಕ ಅಡ್ಡ ಹಿಡಿದು ಹೇಳುತ್ತೇನೆ. ‘ಕಾಲು’ ಅಂದರೆ ಕಾಲು ಮುಟ್ಟಬೇಕು, ‘ಕಾಳು’ ಅಂದರೆ ತಟ್ಟೆಯಿಂದ ಕಡಲೆಕಾಳು ಎತ್ತಬೇಕು. ಈ ಆಟಕ್ಕೆ ಪೆನ್ಸಿಲ್ ಬೇಡವೇ ಬೇಡ.

ಒಂದೇ ಥರ ಬರೆಯುವ ಪದಗಳು ಇಷ್ಟು ಕಾಡುವುದಿಲ್ಲ. ‘ಏಳು ಗಂಟೆಗೆ ಏಳು’ ಅಂತ ವಾಕ್ಯದಲ್ಲಿ ಹೇಳಿದರೆ ಸಾಕು, ತಾವೇ ಹಿಡಿಯುತ್ತಾರೆ.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಇನ್ನೊಂದು ಪದ. ಎರಡನೇ ತರಗತಿಯ ಹುಡುಗ ಹಾಲಿನ ಲೋಟದ ಚಿತ್ರದ ಕೆಳಗೆ ‘ಪಾಲು’ ಅಂತ ಬರೆದ. ನಾನು ಕೆಂಪು ಗೀಟು ಎಳೆದೆ. ಅವನ ಮುಖ ಬಾಡಿತು. ತೆಲುಗಿನಲ್ಲಿ ಹಾಲಿಗೆ ಪಾಲು ಅಂತಾರೆ, ಅವನು ಬರೆದಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಹೀಗೇ ‘ಅವ್ವ’ ಕೂಡ. ಕನ್ನಡದ ಮನೆಯಲ್ಲಿ ಅವ್ವ ಅಂದರೆ ತಾಯಿ, ಪಕ್ಕದ ತೆಲುಗು ಮನೆಯಲ್ಲಿ ಅಜ್ಜಿ.

ಮರುದಿನ ಅವನನ್ನು ಹತ್ತಿರ ಕೂರಿಸಿಕೊಂಡೆ. ಒಂದು ಚಿಕ್ಕಿ ಮುರಿದು, ‘ಇದು ನಿನ್ನ ಪಾಲು, ಇದು ನನ್ನ ಪಾಲು. ಕನ್ನಡದಾಗ ಪಾಲು ಅಂದ್ರೆ ಇದು’ ಅಂದೆ. ಅವನು ಏನೂ ಮಾತಾಡಲಿಲ್ಲ, ಚಿಕ್ಕಿ ತಿಂದು ಓಡಿದ. ವಾರದ ನಂತರ ಕ್ಷೀರಭಾಗ್ಯದ ಹಾಲು ಹಂಚುವಾಗ ಸಾಲಿನಿಂದ ಅವನ ದನಿ ಕೇಳಿಸಿತು: ‘ಟೀಚರ್, ನನ್ನ ಪಾಲಿನ ಹಾಲು ಕೊಡ್ರಿ!’