ಬಾನೆಟ್ ಬಿಸಿ ಇತ್ತು

14 ಸೆಪ್ಟೆಂಬರ್ 2025, ರವಿವಾರ
ಮಹಾಲಿಂಗಪುರ

ಹಳೇ ಟ್ರ್ಯಾಕ್ಟರ್ ನೋಡೋಕೆ ಹೋದರೆ ಮೊದಲು ಬಾನೆಟ್ ಮುಟ್ಟಬೇಕಂತೆ. ತಣ್ಣಗಿದ್ದರೆ ಮುಂದಿನ ಮಾತು. ರಾತ್ರಿ ಮಲಗುವಾಗ ಇವರು ನನಗೆ ಇಷ್ಟು ಪಾಠ ಮಾಡಿದ್ದರು. ಅದಕ್ಕೇ ನಸುಕಿನಲ್ಲೇ ಮನೆ ಬಿಟ್ಟೆವು. ಮೂಡಲಗಿ ದಾಟಿ ಆ ಊರು ಮುಟ್ಟಿದಾಗ ಆರೂವರೆ. ಇವರು ಗಾಡಿ ಸ್ಟ್ಯಾಂಡ್ ಹಾಕುವಷ್ಟರಲ್ಲಿ ನಾನೇ ಹೋಗಿ ಕೈ ಇಟ್ಟೆ.

ಬಿಸಿ ಇತ್ತು. ರೊಟ್ಟಿ ಮುಗಿದು ಅರ್ಧ ತಾಸಾದ ಹಂಚು ಇರುತ್ತಲ್ಲ, ಅಷ್ಟು.

"ಶೆಡ್ಡಿನಿಂದ ಹೊರಗ ತಗದೇವ್ರಿ ಅಕ್ಕಾರ, ಅಷ್ಟ," ಅಂದರು ಮಾಲೀಕರು. ನಾನು ಟೀಚರ್ ಅಂತ ದಲ್ಲಾಳಿ ಮೊದಲೇ ಹೇಳಿದ್ದ ಅಂತ ಕಾಣುತ್ತೆ. ಶೆಡ್ಡಿನಿಂದ ಅಂಗಳಕ್ಕೆ ಹತ್ತು ಹೆಜ್ಜೆಯೂ ಇಲ್ಲ.

ಇವರು ಜಗಳಕ್ಕೆ ಹೋಗಲಿಲ್ಲ. "ಆತ್ರಿ, ಚಾ ಕುಡಿಯೂಣು, ಆರಲಿ," ಅಂತ ಕಟ್ಟೆ ಮೇಲೆ ಕೂತುಬಿಟ್ಟರು. ಸವೆದ ಇಂಜಿನ್ನೂ ಬಿಸಿ ಇದ್ದಾಗ ಒಂದೇ ಸೆಲ್ಫ್ ಸ್ಟಾರ್ಟಿಗೆ ಚಾಲೂ ಆಗುತ್ತದೆ. ಅದರ ಒಳಗಿನ ಕೆಮ್ಮು ಕೇಳಬೇಕಾದರೆ ತಣ್ಣಗಿದ್ದಾಗಲೇ ಕೇಳಬೇಕು. ನಮ್ಮ ಮಾವನವರ ದಮ್ಮಿನ ಹಾಗೆ. ಮಧ್ಯಾಹ್ನ ನೋಡಿದವರಿಗೆ ಅವರು ಗಟ್ಟಿಮುಟ್ಟು, ನಸುಕಿನಲ್ಲಿ ಎದ್ದು ಕೇಳಿದವರಿಗೆ ಗೊತ್ತಿತ್ತು.

ಮೂರು ತಾಸು ಕೂತೆವು.

2018ರ ಮಹೀಂದ್ರಾ ಅರ್ಜುನ್ 605. 57 ಎಚ್‌ಪಿ, ನಾಲ್ಕು ಸಿಲಿಂಡರ್. ಕೆಎ 49, ಅಂದರೆ ಗೋಕಾಕ ಪಾಸಿಂಗ್. ಜೊತೆಗೆ ಎರಡು ಡಬ್ಬಿ, ಅಂದರೆ ಕಬ್ಬು ಹೇರುವ ಟ್ರೇಲರ್, ಎಂಟು ಗಾಲಿ. ಜಾತ್ರೆಯಲ್ಲಿ ಜಗ್ಗುವ ಸ್ಪರ್ಧೆಗೆ ಹೋಗಿ ಗೆದ್ದ ಇಂಜಿನ್ (ಟ್ರ್ಯಾಕ್ಟರಿಗೇ ಹಾಗನ್ನೋದು) ಅಂತ ದಲ್ಲಾಳಿ ಮೊಬೈಲಿನಲ್ಲಿ ವಿಡಿಯೊ ತೋರಿಸಿದ. ಮುಂದಿನ ಎರಡೂ ಗಾಲಿ ನೆಲ ಬಿಟ್ಟು ಎದ್ದಿವೆ, ಬಾನೆಟ್ ಮೇಲೆ ನಾಲ್ಕು ಹುಡುಗರು ಕೂತಿದ್ದಾರೆ, ಸುತ್ತ ಸೀಟಿಯೋ ಸೀಟಿ. ಇದನ್ನು ನೋಡಿ ನಾವು ಖುಷಿಪಡಬೇಕಿತ್ತು. ನನಗೆ ಇಷ್ಟೇ ಅನಿಸಿತು: ಅಷ್ಟು ಜಗ್ಗಾಡಿದ ಕ್ಲಚ್ ಪ್ಲೇಟಿಗೆ ದುಡ್ಡು ನಾವು ಕೊಡಬೇಕು.

ಮೊದಲನೇ ಡಬ್ಬಿಗೆ ಆರ್‌ಸಿ ಇದೆ. ಎರಡನೆಯದಕ್ಕೆ ಇಲ್ಲವೇ ಇಲ್ಲ. ಇಂಜಿನ್ನಿಗೆ ಒಂದು ನಂಬರ್ ಇದ್ದರೆ ಸಾಲದು, ಪ್ರತಿ ಡಬ್ಬಿಗೂ ಅದರದೇ ನಂಬರ್ ಬೇಕು. "ಅದನ್ನ ಯಾರ ಕೇಳ್ತಾರ ಬಿಡ್ರಿ," ಅಂದರು. ಬ್ಯಾಂಕ್ ಸಾಲ ತೀರಿದೆ ಅಂದರು, ಆದರೆ ಇಂಜಿನ್ನಿನ ಆರ್‌ಸಿ ಮೇಲೆ ಬ್ಯಾಂಕಿನ ಹೆಸರು ಹಾಗೇ ಇದೆ. ಅಲ್ಲಿ ನಾನು ಬಾಯಿ ಹಾಕಿದೆ. ಹೆಸರು ಬದಲಿಸೋ ಫಾರ್ಮ್ 29, 30ಕ್ಕೆ ನೀವು ಇವತ್ತೇ ಸಹಿ ಮಾಡಿಕೊಟ್ಟರೂ, ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸೋ ಫಾರ್ಮ್ 35 ಬರದೆ ನಾವು ಅದನ್ನು ಇಟ್ಟುಕೊಂಡು ಏನು ಮಾಡೋಣ ಅಂದೆ. ದುಡ್ಡು ನನ್ನ ಹೆಸರಿನ ಸಾಲ. ಶಿಕ್ಷಕರ ಪತ್ತಿನ ಸಂಘದ್ದು, 60 ತಿಂಗಳು ಪಗಾರದಲ್ಲಿ ಕಟ್. ಅಷ್ಟು ಮಾತಾಡೋ ಹಕ್ಕು ನನಗಿದೆ ಅಲ್ವಾ?

ಇವರು ಮುಖ ಆ ಕಡೆ ತಿರುಗಿಸಿ ಎಲೆ ಅಡಿಕೆ ಮಡಚಿದರು.

ಸುಮ್ನೆ ಕೂರೋಕೆ ಆಗದೆ ನಾನು ಟೈರ್ ನೋಡೋಕೆ ಹೋದೆ. ಕೆಸರು ಒಣಗಿ ಅಕ್ಷರ ಮುಚ್ಚಿತ್ತು. ಕರವಸ್ತ್ರ ನೀರಲ್ಲಿ ಅದ್ದಿ ಒಂದೊಂದೇ ಒರೆಸಿದೆ. ಟೈರಿನ ಮೈ ಮೇಲೆ ಸಣ್ಣ ಕಿಟಕಿಯಂಥ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 4218 ಅಂದರೆ 2018ರ 42ನೇ ವಾರದಲ್ಲಿ ಹುಟ್ಟಿದ್ದು. ಅಂಥವು ಎರಡು ಸಿಕ್ಕವು. 3116 ಎರಡು. ಹಿಂದಿನ ಡಬ್ಬಿಯ ನಾಲ್ಕೂ ನೋಡೋಕೆ ಹೊಸದು, ಹಲ್ಲು ಫಳಫಳ. ಅಂಕಿ ಒರೆಸಿದರೆ 0913. ರಿಮೋಲ್ಡ್! ಅಂಗಾಲು ಹೊಸದು, ಮೈ ಹನ್ನೆರಡು ವರ್ಷದ್ದು. ರಿಮ್ಮಿನ ಹತ್ತಿರ ಬೆರಳಾಡಿಸಿದರೆ ಬಳೆಯ ಅಂಚು ಸಿಕ್ಕಿಕೊಳ್ಳುವಷ್ಟು ಸೀಳು. ಇವರ ಕಡೆ ನೋಡಿದೆ. ಅವರು ಇಂಜಿನ್ನಿನ ಕೆಳಗೆ ಮಲಗಿ ಎಣ್ಣೆ ಸೋರಿದ್ದನ್ನು ಹುಡುಕುತ್ತಿದ್ದರು.

ಆಗ ಬಾಗಿಲ ಹತ್ತಿರ ಶೇಂಗಾ ಸುಲಿಯುತ್ತ ಕೂತಿದ್ದ ಆಯಿ ಕರೆದರು. ಮಾಲೀಕರ ತಾಯಿ. ನನ್ನ ಕೈಗೂ ಒಂದು ಹಿಡಿ ಶೇಂಗಾ ಸುರಿದರು. ನಾನೂ ಸುಲಿಯೋಕೆ ಕೂತೆ.

"ಗಾಡಿ ಹೊಡ್ಯಾವ್ರ ಯಾರ ಯವ್ವಾ?"

"ನಮ್ಮ ಹುಡುಗರಿ."

"ಎಷ್ಟ ವರ್ಷದಾಂವ?"

"ಇಪ್ಪತ್ತ್ರಿ."

ಆಯಿ ಏನೂ ಅನ್ನಲಿಲ್ಲ. ಬೇಕಾದಷ್ಟು ಹೊತ್ತು ಶೇಂಗಾ ಸುಲಿದರು. ಆಮೇಲೆ ಒಳಗಿದ್ದವರಿಗೆ ಕೇಳದ ಹಾಗೆ ಅಂದರು, "ಆ ಬ್ರೇಕಿನ ಕೊಂಡಿ ಹಾಕಸ್ರಿ ಮದಲ. ಅದು ಇಲ್ಲ ಅದಕ್ಕ."

ನನಗೆ ತಿಳಿಯಲಿಲ್ಲ. ಎದ್ದು ಹೋಗಿ ನೋಡಿದೆ. ಟ್ರ್ಯಾಕ್ಟರಿಗೆ ಬ್ರೇಕ್ ಪೆಡಲ್ ಎರಡು. ಹಿಂದಿನ ಎಡ ಚಕ್ರಕ್ಕೆ ಒಂದು, ಬಲ ಚಕ್ರಕ್ಕೆ ಒಂದು. ಹೊಲದಲ್ಲಿ ತಿರುವಿಗೆ ಒಂದೇ ತುಳಿದರೆ ಗಾಡಿ ನಿಂತಲ್ಲೇ ಹೊರಳುತ್ತದೆ. ರಸ್ತೆಗೆ ಬಂದಾಗ ಎರಡನ್ನೂ ಕೂಡಿಸೋಕೆ ಒಂದು ಸಣ್ಣ ಕೊಂಡಿ ಇರುತ್ತದೆ. ಇದರಲ್ಲಿ ಕೊಂಡಿಯ ತೂತು ಮಾತ್ರ ಇತ್ತು, ತುಕ್ಕು ಹಿಡಿದು. ಇಷ್ಟು ವರ್ಷ ರೈತನ ಮನೆಯಲ್ಲಿದ್ದೇನೆ, ಇದನ್ನು ಇವತ್ತೇ ನೋಡಿದ್ದು.

"ನಮ್ಮ ಮೊಮ್ಮಗ ಹೊಡೀತಿದ್ದ. ಎರಡೂ ಡಬ್ಬಿ ಹೇರಿತ್ತ. ಇಳಕಲದಾಗ ಒಂದ ಪೆಡಲ್ ತುಳದ ಕೂಸು. ಗಾಡಿ ಒಂದ ಮಗ್ಗಲಿಗಿ ಎಳಕೊಂಡ ಹೋತ. ಹೊಲದಾಗ ಕಬ್ಬ ನಿಂತಿತ್ತ ನೋಡ, ಅದಕ್ಕ ಉಳದ."

"ಈಗ ಎಲ್ಲಿದಾನ್ರಿ?"

"ಪುಣೆದಾಗ. ಇದರ ಮ್ಯಾಲ ಹತ್ತೂದಿಲ್ಲ ಅಂದ."

ಅಲ್ಲಿಗೆ ಮುಗಿಯಿತು. ಮಾರೋ ಕಾರಣ ಕೇಳಿದಾಗ ಮಾಲೀಕರು ಹೇಳಿದ್ದು ಡ್ರೈವರ್ ಸಿಗೋದಿಲ್ಲ, ಡೀಸೆಲ್ 90 ದಾಟಿದೆ, ಕಬ್ಬು ಕಡಿಯೋ ಗ್ಯಾಂಗಿನ ಮುಕಾದಮ ಅಡ್ವಾನ್ಸ್ ತಗೊಂಡು ಓಡಿ ಹೋದ ಅಂತ. ಅವೂ ಸುಳ್ಳಲ್ಲ ಬಿಡಿ.

ಒಂಬತ್ತೂವರೆಗೆ ಸೆಲ್ಫ್ ಹೊಡೆದರು. ಮೊದಲ ಸಲ ಆಗಲಿಲ್ಲ. ಎರಡನೇ ಸಲ ಗುರ್ ಅಂದು ನಿಂತಿತು. ಮೂರನೇ ಸಲ ಹತ್ತಿತು. ನೀಲಿ ಹೊಗೆ ಒಂದೆರಡು ನಿಮಿಷ, ಆಮೇಲೆ ತೆಳುವಾಯಿತು. ನೀಲಿ ಅಂದರೆ ಇಂಜಿನ್ ಆಯಿಲ್ ಸುಡುತ್ತಿದೆ ಅಂತ. ಕಪ್ಪಾದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಇವರು ಆಯಿಲ್ ಮುಚ್ಚಳ ತೆಗೆದು ತೂತಿನ ಮೇಲೆ ಅಂಗೈ ಹಿಡಿದರು. ಸ್ವಲ್ಪ ಉಸಿರು ಹೊಡೆಯುತ್ತೆ, ಎರಡು ಸೀಜನ್ ನಡೆಯುತ್ತೆ, ಆಮೇಲೆ ಸಿಲಿಂಡರ್ ಬೋರ್ ಮಾಡಿಸಬೇಕು ಅಂದರು. ಡಾಕ್ಟರ್ ನಾಡಿ ನೋಡಿದ ಹಾಗೆ ಕಣ್ಣು ಮುಚ್ಚಿ ಹೇಳಿದರು. ನಗು ಬಂತು.

ಡಬ್ಬಿ ಸಿಕ್ಕಿಸುವ ಹುಕ್ಕು ನೋಡಿದಿರಾ ಅಂತ ನಾನೇ ಕೇಳಿದೆ. ಗುಂಡಗಿರಬೇಕಾದ ತೂತು ಮೊಟ್ಟೆ ಆಕಾರಕ್ಕೆ ಬಂದಿತ್ತು. ಒಂದು ಕಡೆ ಪಟ್ಟಿ ಇಟ್ಟು ವೆಲ್ಡಿಂಗ್ ಮಾಡಿದ್ದರು, ವೆಲ್ಡಿಂಗ್ ಮೇಲೆ ಹೊಸ ಕೆಂಪು ಬಣ್ಣ. ಪಿನ್ ಹಾಕಿ ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತೆ. "ಅದನ್ನ ಬದಲ ಮಾಡೂಣು," ಅಂದರು ಇವರು. ಬದಲು ಮಾಡೋದರ ಪಟ್ಟಿ ಆಗಲೇ ಒಂದು ಪುಟ ಆಗಿತ್ತು.

ವ್ಯಾಪಾರಕ್ಕೆ ಕೂತಾಗ ದಲ್ಲಾಳಿ ಮರೆತು ಟವೆಲ್ ಹೆಗಲಿಂದ ಇಳಿಸಿದ. ದನದ ಸಂತೆಯ ರೂಢಿ, ಟವೆಲ್ ಕೆಳಗೆ ಬೆರಳು ಹಿಡಿಯೋದು. ಎಲ್ಲರೂ ನಕ್ಕರು. 6,20,000ದಿಂದ ಶುರುವಾಗಿ 5,65,000ಕ್ಕೆ ನಿಂತಿತು. ಇವರು ಜೇಬಿನಿಂದ 10,000 ತೆಗೆದು ಮುಂಗಡ ಸಂಚಕಾರ ಕೊಟ್ಟೇಬಿಟ್ಟರು. ನನ್ನನ್ನು ಒಂದು ಮಾತು ಕೇಳಲಿಲ್ಲ. ದಾರಿಯುದ್ದಕ್ಕೂ ನಾನೂ ಮಾತಾಡಲಿಲ್ಲ.

ಊರಿಗೆ ಬಂದು ಟೈರ್ ಅಂಗಡಿಗೆ ಹೋದೆವು. ಹಿಂದಿನ ಡಬ್ಬಿಗೆ ನಾಲ್ಕು ಟೈರ್ ಬೇಕೇ ಬೇಕು ಅಂತ ನಾನು ಹಟ ಹಿಡಿದಿದ್ದೆ. 9.00-16 ಸೈಜು. ಅಂಗಡಿಯವರು 14 ಪಿಆರ್ ಸಾಕು ಅಂತಾರೆ, ನಾನು 16 ಅಂದೆ. ಪಿಆರ್ ಅಂದರೆ ಒಳಗೆ ಅಷ್ಟು ಪದರ ಇದೆ ಅಂತಲ್ಲವಂತೆ, ಅಷ್ಟು ಪದರದ ತಾಕತ್ತು ಅಂತ. ರೇಡಿಯಲ್ ಅನ್ನೋ ಇನ್ನೊಂದು ಬಗೆಯ ಟೈರ್ ಬಗ್ಗೆಯೂ ಕೇಳಿದೆ. ರಸ್ತೆ ಮೇಲೆ ತಂಪಾಗಿ ಓಡುತ್ತೆ, ಆದರೆ ಮೈ ಮೆತ್ತಗೆ. ಕಬ್ಬು ಕಡಿದ ಹೊಲದಲ್ಲಿ ಕೂಳೆ ಮೊನೆ ಚುಚ್ಚಿದರೆ ಕಷ್ಟ. ನಮ್ಮ ಕೆಲಸಕ್ಕೆ ನೈಲಾನ್ ಪದರದ ಟೈರೇ ಸರಿ, ಒಂದೇ ಆ್ಯಕ್ಸಲ್‌ಗೆ ಒಂದು ಅದು ಒಂದು ಇದು ಮಾತ್ರ ಹಾಕಬೇಡಿ ಅಂದರು. ಹಲ್ಲು ಉದ್ದುದ್ದ ಗೆರೆಯದ್ದೇ ಇರಲಿ ಅಂದರು. ಡಬ್ಬಿಯ ಗಾಲಿ ಸುಮ್ನೆ ಹಿಂದೆ ಉರುಳುವಂಥದ್ದು. ನೆಲ ಕಿತ್ತು ಎಳೆಯೋ ಹಲ್ಲು ಇಂಜಿನ್ನಿಗೆ ಬೇಕು, ಇದಕ್ಕೆ ಯಾಕೆ?

ಇಲ್ಲಿ ಒಂದು ಲೆಕ್ಕ ಹಾಕಿದೆ. ಏಳನೇ ಕ್ಲಾಸಿನ ಮಕ್ಕಳೂ ಹಾಕುವಂಥದ್ದು. ಎರಡು ಡಬ್ಬಿಗೆ ಕಬ್ಬು 20 ಟನ್. ಖಾಲಿ ಡಬ್ಬಿಯದೇ ಒಂದೊಂದಕ್ಕೆ ಸುಮಾರು 2 ಟನ್. ಒಟ್ಟು 24. ಗಾಲಿ ಎಂಟು. ಒಂದೊಂದರ ಮೇಲೆ 3 ಟನ್. ಅಂಗಡಿಯ ಹೊಸ ಟೈರ್ ಮೇಲೆ ಬರೆದ ಮ್ಯಾಕ್ಸ್ ಲೋಡ್ ಓದಿದೆ. ಅದಕ್ಕಿಂತ ಕಡಿಮೆ ಇತ್ತು. 16 ಪಿಆರ್‌ದೂ ಕಡಿಮೆಯೇ.

ತೋರಿಸಿದೆ. ಅಂಗಡಿಯವರು ನಕ್ಕರು. "ಬರದದ್ದ ಅಷ್ಟ ಇರತೈತ್ರಿ ಅಕ್ಕಾರ. ಎಲ್ಲಾರೂ ಹಂಗ ಹೇರ್ತಾರ. ಹವಾ ಮಾತ್ರ ಕಡಿಮಿ ಬಿಡಬ್ಯಾಡ್ರಿ." ಗಾಳಿ ಕಡಿಮೆ ಆದರೆ ಮೈ ಮಡಚಿ ಮಡಚಿ ಕಾಯುತ್ತೆ, ಕಾದು ಒಡೆಯುತ್ತೆ. ಅದೂ ನಡುರಾತ್ರಿ ಫ್ಯಾಕ್ಟರಿ ಪಾಳಿಯಲ್ಲೋ, ಲೈಟಿಲ್ಲದ ರಸ್ತೆಯಲ್ಲೋ.

ಟ್ಯೂಬು, ಫ್ಲ್ಯಾಪು ಸೇರಿ ನಾಲ್ಕಕ್ಕೆ 50,000 ಮುಟ್ಟುತ್ತೆ. "22ರ ತನಕ ತಡ್ಕೊಳ್ರಿ," ಅಂದರು. ಅವತ್ತಿನಿಂದ ಹೊಸ ಜಿಎಸ್‌ಟಿ. ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಟೈರಿಗೆ 18ರಿಂದ 5, ಉಳಿದ ಟೈರಿಗೆ 28ರಿಂದ 18 ಅಂತ ಅವರ ಲೆಕ್ಕ. ಮನೆಗೆ ಬಂದರೆ ಅತ್ತೆಯದೂ ಅದೇ ತಾರೀಖು. "ಪಕ್ಷಮಾಸದಾಗ ಕಬ್ಬಿಣ ಮನಿಗಿ ತರ್ತೀರೇನ? ಅಮಾಸಿ ಆಗಲಿ, ಘಟ ಕುಂಡ್ರಲಿ." ಅಮಾವಾಸ್ಯೆ 21, ಘಟಸ್ಥಾಪನೆ 22. ಸರಕಾರವೂ ನಮ್ಮ ಅತ್ತೆಯನ್ನು ಕೇಳಿಯೇ ತಾರೀಖು ಇಟ್ಟಿತೋ ಏನೋ. ಸಂಚಕಾರ ಕೊಟ್ಟಿದ್ದನ್ನು ಅವರಿಗೆ ಯಾರೂ ಹೇಳಿಲ್ಲ. ಖಂಡೇ ಪೂಜೆ (ಆಯುಧ ಪೂಜೆ) ಹೊತ್ತಿಗೆ ಗಾಡಿ ಅಂಗಳದಲ್ಲಿ ಇರಬೇಕು ಅಂತ ಮಾತ್ರ ಎಲ್ಲರಿಗೂ ಇದೆ.

ಈಗ ರಾತ್ರಿ. ದುಬೈನಲ್ಲಿ ಪಾಕಿಸ್ತಾನದ ಜೊತೆ ಮ್ಯಾಚು, ಹೊರಗೆ ಓಣಿ ಹುಡುಗರೆಲ್ಲ ನಮ್ಮ ಟಿವಿ ಮುಂದೆ. ನಮ್ಮ ಮಗ ಪವ್ಯಾ ಒಂದು ಕಣ್ಣು ಮ್ಯಾಚಿಗೆ, ಒಂದು ಕಣ್ಣು ಮೊಬೈಲಿಗೆ. ಟ್ರ್ಯಾಕ್ಟರಿಗೆ ಸೌಂಡ್ ಬಾಕ್ಸ್ ನೋಡ್ತಿದ್ದಾನೆ. ಊಟಕ್ಕೆ ಬಡಿಸುವಾಗ ಖುಷಿಯಲ್ಲಿ ಹೇಳಿದ, "ಅವ್ವಾ, ಇಳಕಲದಾಗ ನ್ಯೂಟ್ರಲ್ ಮಾಡಿ ಬಿಟ್ರ ಒಂದ ಟ್ರಿಪ್ಪಿಗಿ ಎಷ್ಟ ಡೀಸೆಲ್ ಉಳಿತೈತಿ ಗೊತ್ತೈತೇನ? ಗೆಳ್ಯಾರೆಲ್ಲ ಹಂಗ ಮಾಡ್ತಾರ."

ರೊಟ್ಟಿ ಕೈಯಲ್ಲೇ ಉಳಿಯಿತು.

ಏರಿದ ಗೇರಿನಲ್ಲೇ ಇಳಿಯಬೇಕು ಅಂತ ಇವರು ಅಂದರು. ಅಂದು ಮತ್ತೆ ಸಾರು ಸುರಿದುಕೊಂಡರು. ಅಷ್ಟೇನಾ? ಇನ್ನೂ ಏನಾದರೂ ಅನ್ನಬಹುದಿತ್ತು. ಬೆಳಿಗ್ಗೆಯಿಂದ ಎಷ್ಟು ಜನ ಗಂಡಸರು ಆ ಗಾಡಿ ಸುತ್ತ ನಿಂತರು, ಎಲ್ಲರೂ ಕೇಳಿದ್ದು ಎಷ್ಟು ಜಗ್ಗುತ್ತೆ ಅಂತ. ಟ್ರ್ಯಾಕ್ಟರಿನ ತೂಕ 2 ಟನ್ನಿಗಿಂತ ಸ್ವಲ್ಪ ಜಾಸ್ತಿ ಇರಬಹುದು. ಹಿಂದಿನಿಂದ 24 ಟನ್ ನೂಕುತ್ತೆ. ಡಬ್ಬಿಗಳಿಗೆ ಬ್ರೇಕೇ ಇಲ್ಲ. ಇಳಿಜಾರಿನಲ್ಲಿ ಇದೆಲ್ಲ ಪವ್ಯಾನ ಒಂದು ಪಾದದ ಕೆಳಗೆ. ಅವನ ಪಾದ ಎಂಟು ನಂಬರು. ಚಪ್ಪಲಿ ತರೋಳು ನಾನೇ.

ಹೊರಗೆ ಕೂಗಾಟ. ಪಾಕಿಸ್ತಾನದ್ದು ಇನ್ನೊಂದು ವಿಕೆಟ್ ಬಿತ್ತಂತೆ.

ಆಯಿಯ ಶೇಂಗಾ ಪರ್ಸಿನಲ್ಲೇ ಉಳಿದಿತ್ತು, ಈಗ ತೆಗೆದೆ. ನಾಳೆ ಎರಡನೇ ಪಿರಿಯಡ್ ಖಾಲಿ ಇದೆ. ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಕೊಂಡಿ ಕೇಳಬೇಕು. ಆದರೆ ತೂತು ಎಷ್ಟು ದಪ್ಪದ್ದು ಅಂತ ಅಳೆಯಲೇ ಇಲ್ಲ, ಬೆರಳಿಟ್ಟು ನೋಡಿದ್ದೆ, ಕಿರುಬೆರಳು ಹೋಗಿತ್ತು ಅನಿಸುತ್ತೆ, ಅಥವಾ